ಮಾಷ್ಟ್ರ ಚುನಾವಣೆಗೆ ಅಮ್ಮ ಕಾಯಿಸಿದ ಅಂಟು

ಆಗೆಲ್ಲ ತ್ರಿಪ್ಲಿಕೇನಿನ ನಮ್ಮ ಬೀದಿಗೆ ಚುನಾವಣೆ ಬಂತೆಂದರೆ ಪೋಸ್ಟರ್ ಹಚ್ಚುವ ಮೈದಾ ಅಂಟಿನ ವಾಸನೆ ಹಬ್ಬುತ್ತಿತ್ತು. ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ಆ ಅಂಟು ಕುದಿದದ್ದು ನಮ್ಮ ಮೆಸ್ಸಿನ ಒಲೆಯ ಮೇಲೆಯೇ, ಸಾಂಬಾರಿನ ಪಾತ್ರೆಯಲ್ಲಿ. ಚುನಾವಣೆಗೆ ನಿಂತವರು ನಮ್ಮ ಕನ್ನಡ ಮಾಷ್ಟ್ರು.

ಬೀದಿಯ ತಮಿಳು ಶಾಲೆಯ ಒಂದು ಕೋಣೆಯಲ್ಲಿ, ಊರು ಬಿಟ್ಟು ಬಂದು ಹೋಟೆಲು, ಮೆಸ್ಸುಗಳಲ್ಲಿ ದುಡಿಯುವ ಕನ್ನಡದವರ ಹನ್ನೊಂದು ಮಕ್ಕಳಿಗೆ ಅವರೊಬ್ಬರೇ ಕನ್ನಡ ಕಲಿಸುತ್ತಿದ್ದರು. ಚೆನ್ನಾಗಿಯೇ ಕಲಿಸುತ್ತಿದ್ದರು, ಇಲ್ಲವೆನ್ನಲಾರೆ. ಮರೀನಾದ ಮರಳನ್ನು ತಟ್ಟೆಯಲ್ಲಿ ಹರವಿ, ನನ್ನ ಬೆರಳು ಹಿಡಿದು ಅಕ್ಷರ ತಿದ್ದಿಸಿದವರು ಅವರೇ.

ಆ ಮಾರ್ಚಿನಲ್ಲಿ ಪಾಠ ನಿಂತಿತು. ಕನ್ನಡದವರ ಮನೆಗಳಿಗೆ ಹಂಚಲು ನಾವು "ನಮ್ಮ ಮಾಷ್ಟ್ರಿಗೆ ಓಟು ಕೊಡಿ" ಎಂದು ಚೀಟಿ ಬರೆದೆವು. ಕುಂಟಾಬಿಲ್ಲೆ ಆಡುವಾಗಲೂ ಅವರಿಗೇ ಜೈಕಾರ ಹಾಕುತ್ತ ಕುಂಟಿದೆವು. ಅಂಟು ಕೈಯಾಡಿಸುತ್ತ ಅಮ್ಮ ಒಂದೇ ಪ್ರಶ್ನೆ ಕೇಳಿದ್ದಳು. ತಮ್ಮ ಆ ಜೂನಿಗೆ ಒಂದನೇ ಕ್ಲಾಸು ಸೇರಬೇಕಿತ್ತು.

"ಮಾಷ್ಟ್ರೇ, ನೀವ್ ಗೆದ್ ಹೋರೆ ನಮ್ ಮಾಣಿಗೆ ಅಕ್ಷರ ಕಲ್ಸುದ್ ಯಾರು?"

"ನಾನ್ ಇಪ್ಪು ತನ್ಕ ಆ ಕ್ಲಾಸ್ ಮುಚ್ಚುಕೆ ಯಾರಿಗ್ ಧೈರ್ಯ ಇತ್ತ್ ಅಕ್ಕಾ? ಗೆದ್ ಕೂಡ್ಲೆ ಬೇರೆ ಮಾಷ್ಟ್ರನ್ನ ಹಾಕ್ಸ್ತೆ."

ಗೆದ್ದರು. ಮುಂದೆ ಮಂತ್ರಿಯೂ ಆದರು. ಆದರೆ ಆ ಜೂನಿನಲ್ಲಿ ನೋಡಿದರೆ ನಮ್ಮ ಕೋಣೆಯ ತುಂಬ ಮುರಿದ ಬೆಂಚುಗಳು. ಮಕ್ಕಳನ್ನೆಲ್ಲ ಶಾಲೆಯವರು ತಮಿಳು ಕ್ಲಾಸಿಗೆ ಕಳಿಸಿದರು.

ಬೇರೆ ಕನ್ನಡ ಮಾಷ್ಟ್ರನ್ನು ಹಾಕಿಸಿ ಎಂದು ಅಮ್ಮ ನನ್ನಿಂದ ಅರ್ಜಿ ಬರೆಸಿದಳು. ಮೂರು ಸಲ ಬರೆದು ಅಕ್ಷರ ಗುಂಡಗಾದ ಮೇಲೆ ಮಾಷ್ಟ್ರ ಆಫೀಸಿಗೆ ಹೋದೆವು. ಸುತ್ತ ಪಾರ್ಟಿಯವರಿದ್ದರು. ಮಾಷ್ಟ್ರು ಕಾಗದ ನೋಡಿದರು. ನಮ್ಮ ಗುರುತೇ ಇಲ್ಲದವರ ಹಾಗೆ, "ತಮಿಳ್ಲ ಎಳುದಿ ಕೊಂಡಾಂಗಮ್ಮಾ" ಎಂದು ಅದನ್ನು ವಾಪಸು ಕೊಟ್ಟರು. ತಮಿಳಿನಲ್ಲಿ ಬರೆದು ತರಬೇಕಂತೆ! ನನ್ನ ಕೈಹಿಡಿದು ತಿದ್ದಿಸಿದ ಮನುಷ್ಯ!

"ಹತ್ತಿದ್ ಏಣಿನೇ ಒದ್ದ, ಕಾಣ್," ಎಂದಳು ಅಮ್ಮ, ಮೆಟ್ಟಿಲಿಳಿಯುತ್ತ. ಅವಳು ಮಾಷ್ಟ್ರಿಗೆ ಏಕವಚನ ಬಳಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನನ್ನ ಸಿಟ್ಟು ಇಂದಿಗೂ ಆರಿಲ್ಲ. ಈ ವರ್ಷ ಅವರ ಎಪ್ಪತ್ತೈದನೇ ಹುಟ್ಟುಹಬ್ಬ. ಪೋಸ್ಟರುಗಳಲ್ಲಿ ಹೆಸರಿಗೆ ಮುಂಚೆ ದಪ್ಪಕ್ಷರದಲ್ಲಿ 'ಆಸಿರಿಯರ್', ಅಂದರೆ ಮೇಷ್ಟ್ರು, ಎಂದಿದೆ. ಯಾರಿಗೆ ಮೇಷ್ಟ್ರು? ನಾಚಿಕೆಯಾದರೂ ಬೇಡವೇ?

ಅಮ್ಮ ಈಗಿಲ್ಲ. ಮೆಸ್ಸು ತಮ್ಮನದು. ಅಮ್ಮನ ಅಡುಗೆ ಪುಸ್ತಕದ ಪುಟಗಳನ್ನು ಅವನು ಫೋಟೋ ತೆಗೆದು ಕಳಿಸುತ್ತಾನೆ, ನಾನು ಫೋನಿನಲ್ಲಿ ಓದಿ ಹೇಳಬೇಕು. ಮೊನ್ನೆ ಹುಳಿಪುಡಿಯ ಪುಟ ಓದಿದೆ.

"ಅಕ್ಕಾ, ಕೀಳೆ... ಕೆಳ್ಗೆ ಇನ್ನೊಂದ್ ಲೈನ್ ಇತ್ತಲೆ, ಅದೆಂತ?"

ಓದಿದೆ: "ಮಾಣಿಗೆ ಖಾರ ಆಗುವುದಿಲ್ಲ. ಅವನದ್ದು ಬೇರೆ ತೆಗೆದಿಡುವುದು."

ಅದೊಂದು ಸಾಲನ್ನು ಅವನು ಮತ್ತೆರಡು ಸಲ ಓದಿಸಿದ. ನಲವತ್ತು ದಾಟಿದ ಗಂಡಸು, ತನಗೆಂದೇ ಅಮ್ಮ ಬರೆದಿಟ್ಟ ಸಾಲನ್ನು ಇಷ್ಟು ವರ್ಷ ಕಣ್ಣೆದುರೇ ಇಟ್ಟುಕೊಂಡಿದ್ದ, ಓದಲು ಬರುತ್ತಿರಲಿಲ್ಲ.

ಮಾಷ್ಟ್ರೇ, ಇದನ್ನು ಯಾವ ಭಾಷೆಯಲ್ಲಿ ಬರೆದು ತರಲಿ?