ವಾಣಿಯ ಅವಳಿ ಮಕ್ಕಳು

ಚಾಮರಾಜಪೇಟೆಯ ಒಂದು ಹಳೇ ಮನೆಯ ಮಹಡಿಯ ಮೇಲೆ ವಾಣಿ ಬ್ಲೌಸ್ ಹೊಲಿಯುತ್ತಿದ್ದಳು. ಶಂಕರಪುರಂ, ಬಸವನಗುಡಿಯ ಮದುವೆ ಮನೆಯವರೂ ಅವಳನ್ನೇ ಹುಡುಕಿಕೊಂಡು ಬರುವರು. ಕೈಯಷ್ಟೇ ಬಾಯಿಯೂ ಚುರುಕು. "ತೋಳು ಇನ್ನೊಂಚೂರು ಗಿಡ್ಡ ಇಡ್ತೀನಿ ಕಣ್ರೀ, ಇಷ್ಟು ಚೆಂದದ ಕೈ ಯಾಕೆ ಮುಚ್ಕೋತೀರಾ?" ಎಂದು ಅರವತ್ತು ದಾಟಿದವರನ್ನೂ ನಾಚಿಸಿ ಕಳಿಸುವಳು. ಗಂಡ ಲೋಹಿತ್ ಕಲಾಸಿಪಾಳ್ಯದ ಲಾರಿ ಬುಕಿಂಗ್ ಆಫೀಸಿನಲ್ಲಿದ್ದ. ಮಿತಭಾಷಿ. ಮನೆಯ ಮಾತೆಲ್ಲ ವಾಣಿಯದೇ.

ಮದುವೆಯಾಗಿ ವರ್ಷಗಳೇ ಕಳೆದರೂ ಮಕ್ಕಳಾಗಲಿಲ್ಲ. ಹರಕೆ, ಉಪವಾಸ, ಸ್ಕ್ಯಾನಿಂಗು, ಇಂಜೆಕ್ಷನ್ನು ಎಲ್ಲವೂ ಆದವು. ಕೊನೆಗೆ ಬಸಿರು ನಿಂತಾಗ ಅವಳಿ ಎಂದರು. ಲೋಹಿತನ ತಾಯಿ ಮುನಿಲಕ್ಷ್ಮಮ್ಮ ಹೊಸಕೋಟೆ ಕಡೆಯ ಊರಿಂದ ಬಂದು ಸೊಸೆಗೆ ಒಂದು ಲೋಟ ನೀರು ಎತ್ತಲೂ ಬಿಡದೆ ನೋಡಿಕೊಂಡರು. ಆದರೂ ಏಳು ತಿಂಗಳಿಗೇ ಹೆರಿಗೆಯಾಯಿತು. ಮೊದಲು ಹೆಣ್ಣು, ಬೆನ್ನಿಗೇ ಗಂಡು. ಹೆಣ್ಣು ಕೊಂಚ ತೂಕವಿತ್ತು, ಗಂಡು ತೀರಾ ಹಕ್ಕಿಮರಿ.

ಆಸ್ಪತ್ರೆಯಲ್ಲಿ ಇಬ್ಬರನ್ನೂ ಬೆಚ್ಚನೆಯ ಗಾಜಿನ ಪೆಟ್ಟಿಗೆಗಳಲ್ಲಿ ಅಕ್ಕಪಕ್ಕ ಮಲಗಿಸಿದರು. ನಾಮಕರಣವಾಗದ ಮಕ್ಕಳಿಗೆ ಅಲ್ಲಿ ತಾಯಿಯ ಹೆಸರೇ ಹೆಸರು: ವಾಣಿ ಬೇಬಿ ಒಂದು, ವಾಣಿ ಬೇಬಿ ಎರಡು. ವಾಣಿ ಕೈ ತೊಳೆದು, ನೀಲಿ ಗೌನು ತೊಟ್ಟು ಒಳಗೆ ಹೋಗಿ, ಗಾಜಿನ ಕಿಂಡಿಯಿಂದ ಬೆರಳು ತೂರಿಸುವಳು. ಹೆಣ್ಣುಮಗು ಆ ಬೆರಳನ್ನು ಗಟ್ಟಿಯಾಗಿ ಹಿಡಿಯುತ್ತಿತ್ತು. "ನೋಡಿ ಸಿಸ್ಟರ್, ಬಿಡೋದೇ ಇಲ್ಲ ಅಂತಾಳೆ," ಎಂದು ನಗುವಳು.

ಎರಡನೇ ವಾರ ಒಂದು ಬೆಳಿಗ್ಗೆ ಆ ಕೈ ಬೆರಳು ಹಿಡಿಯಲಿಲ್ಲ. ಕುಡಿಸಿದ ಹಾಲು ವಾಪಸ್ ಬರುತ್ತಿತ್ತು. ಮೈಬಣ್ಣ ಬೂದಿ ಬಳಿದಂತೆ. ಮಧ್ಯಾಹ್ನದ ಹೊತ್ತಿಗೆ ಗಂಡುಮಗುವೂ ಉಸಿರು ಮರೆಯತೊಡಗಿತು. ಮಕ್ಕಳ ಡಾಕ್ಟರ್ ಚೂಡಾಮಣಿ ಇಬ್ಬರ ರಕ್ತವನ್ನೂ ಒಟ್ಟಿಗೇ ಪರೀಕ್ಷೆಗೆ ಕಳಿಸಿ, ಇಬ್ಬರಿಗೂ ಒಟ್ಟಿಗೇ ಆಂಟಿಬಯಾಟಿಕ್ ಶುರು ಮಾಡಿದರು.

"ರಕ್ತಕ್ಕೆ ಸೋಂಕು ಹೋಗಿದೆ ವಾಣಿ. ಮುಂಚೆಯೆಲ್ಲ ಯಾವ ಕ್ರಿಮಿ ಅಂತ ಗೊತ್ತಾಗೋಕೆ ಮೂರ್ನಾಲ್ಕು ದಿನ ಕಾಯ್ಬೇಕಿತ್ತು. ಈಗ ಹೊಸ ಮೆಷಿನ್ ಬಂದಿದೆ, ನಾಳೇನೇ ಹೇಳುತ್ತೆ."

ಆ 'ನಾಳೆ'ಯನ್ನು ಹಿಡಿದುಕೊಂಡೇ ವಾಣಿ ಆ ರಾತ್ರಿ ಕಳೆದಳು. ಮೆಷಿನ್ನೂ ಮಾತು ತಪ್ಪಲಿಲ್ಲ. ಇಬ್ಬರ ರಕ್ತದಲ್ಲೂ ಒಂದೇ ಕ್ರಿಮಿ. ಹೆಸರು ಸಿಕ್ಕಿತು, ಜೊತೆಗೆ, ಮಾಮೂಲಿ ಔಷಧಿ ಯಾವುದಕ್ಕೂ ಅದು ಜಗ್ಗುವುದಿಲ್ಲ ಎಂಬುದೂ ತಿಳಿಯಿತು.

"ಅಂದ್ರೆ ಔಷಧಿನೇ ಇಲ್ವಾ ಡಾಕ್ಟ್ರೇ?"

"ಎರಡು ಇದಾವೆ. ಈಗ್ಲೇ ಬದಲಾಯಿಸ್ತಿದೀವಿ. ಇವೆರಡು ಬಿಟ್ರೆ ಮುಂದೆ ನನ್ ಕೈಯಲ್ಲಿ ಏನೂ ಇಲ್ಲಮ್ಮ."

ಒಂದೇ ರೋಗ, ಒಂದೇ ಔಷಧಿ, ಒಂದೇ ಹೊತ್ತು. ಮಾರನೇ ಸಂಜೆ ಗಂಡುಮಗು ಕಾಲು ಆಡಿಸಿತು. ಅದರ ಮರುದಿನ ಹೆಣ್ಣುಮಗು ಹೋಯಿತು. ಬದುಕುವುದು ಕಷ್ಟ ಎನಿಸಿದ್ದ ಹಕ್ಕಿಮರಿ ಉಳಿದಿತ್ತು, ಗಟ್ಟಿಮುಟ್ಟಾಗಿದ್ದುದು ಹೋಗಿತ್ತು.

"ಯಾಕೆ ಡಾಕ್ಟ್ರೇ? ಇವನಿಗೆ ಹಿಡಿದ ಔಷಧಿ ಅವಳಿಗೆ ಯಾಕೆ ಹಿಡೀಲಿಲ್ಲ?"

ಚೂಡಾಮಣಿ ಅವಳ ಭುಜದ ಮೇಲೆ ಕೈಯಿಟ್ಟರು. "ಗೊತ್ತಿಲ್ಲಮ್ಮ. ನಿಜವಾಗ್ಲೂ ಗೊತ್ತಿಲ್ಲ."

ಲೋಹಿತ್ ಮಗಳನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ರುದ್ರಭೂಮಿಗೆ ಹೋದ. ವಾಣಿಗೆ ಹೋಗಲಾಗಲಿಲ್ಲ, ಮಗನಿಗೆ ಹಾಲು ಹಿಂಡಿ ಕೊಡಬೇಕಿತ್ತು. ಮಣ್ಣು ಮಾಡುವ ಹೊತ್ತಿನಲ್ಲಿ ಅವಳು ಬಟ್ಟಲಿಗೆ ಹಾಲು ಹಿಂಡುತ್ತ ಕೂತಿದ್ದಳು. ಪಕ್ಕದಲ್ಲಿ ಮುನಿಲಕ್ಷ್ಮಮ್ಮ ಕಣ್ಣೊರೆಸಿಕೊಂಡು, "ಹೋಗ್ಲಿ ಬಿಡವ್ವ. ದೇವ್ರು ಗಂಡುನ್ನಾದ್ರೂ ಉಳಿಸ್ದನಲ್ಲ," ಎಂದರು. ಸಮಾಧಾನಕ್ಕೆಂದೇ ಅಂದ ಮಾತು. ವಾಣಿ ತಿರುಗಿ ನೋಡಲಿಲ್ಲ. ಅಂದಿನಿಂದ ಅತ್ತೆಯೊಂದಿಗೆ ಬೇಕಾದಷ್ಟೇ ಮಾತು, ಅದಕ್ಕಿಂತ ಒಂದಕ್ಷರ ಹೆಚ್ಚಿಲ್ಲ.

ಮಗ ಮನೆಗೆ ಬಂದ. ವಂಶಿ ಎಂದು ಹೆಸರಿಟ್ಟರು. ಹಾಲುಣಿಸಿದಳು, ಎಣ್ಣೆ ಹಚ್ಚಿದಳು, ನೀರೆರೆದಳು, ಒಂದಕ್ಕೂ ಲೋಪವಿಲ್ಲ. ಆದರೆ ಅವನನ್ನು ಎತ್ತಿಕೊಂಡಾಗೆಲ್ಲ ಇನ್ನೊಂದು ತೋಳು ಖಾಲಿ ಎನಿಸುತ್ತಿತ್ತು. ಅವನು ನಕ್ಕರೆ, ಮಗಳಿದ್ದಿದ್ದರೆ ಇಷ್ಟು ಹೊತ್ತಿಗೆ ಅವಳೂ ನಗುತ್ತಿದ್ದಳು ಎಂಬ ಲೆಕ್ಕ. ಮಗಳಿಗೂ ಒಂದು ಹೆಸರಿಡೋಣವೆಂದು ಗಂಡನ ಬಳಿ ಒಮ್ಮೆ ಎತ್ತಿದಳು. ಲೋಹಿತ್ ಗೋಡೆ ಕಡೆ ತಿರುಗಿ ಮಲಗಿದ. ಅವನ ಬೆನ್ನು ಅದುರುತ್ತಿದ್ದುದು ಕಂಡಿತು. ಮತ್ತೆ ಕೇಳಲಿಲ್ಲ. ಹೊಲಿಗೆ ಮಾತ್ರ ನಡೆಯಿತು, ಬಾಯಿಲ್ಲದೆ. ಅಳತೆ ಕೊಡಲು ಬಂದವರು, "ಯಾಕ್ರೀ ವಾಣಿ, ಮಾತೇ ಇಲ್ಲ?" ಎಂದು ಕೇಳಿ ಕೇಳಿ ಸುಮ್ಮನಾದರು.

ವಂಶಿಗೆ ವರ್ಷ ತುಂಬಿದ ಮೇಲೆ ಒಂದು ದಿನ ಜ್ವರ ಬಂತು. ಮೈ ಮುಟ್ಟಿದವಳೇ ವಾಣಿ ಬರಿಗಾಲಲ್ಲಿ ಮೆಟ್ಟಿಲಿಳಿದು ಆಟೋ ಹತ್ತಿದಳು. ಚೂಡಾಮಣಿ ಗಂಟಲು, ಕಿವಿ, ಎದೆ ಎಲ್ಲ ನೋಡಿದರು.

"ವೈರಲ್ ಜ್ವರ. ನೋಡಿ, ನನ್ ಸ್ಟೆತೊಸ್ಕೋಪೇ ಕಿತ್ಕೋತಿದಾನೆ! ಪ್ಯಾರಸಿಟಮಾಲ್ ಹಾಕಿ, ನೀರು ಜಾಸ್ತಿ ಕುಡಿಸಿ. ಮಂಕಾದ್ರೆ, ಹಾಲು ಬಿಟ್ರೆ ತಕ್ಷಣ ಬನ್ನಿ."

"ರಕ್ತ ತಗೊಳ್ಳಿ ಡಾಕ್ಟ್ರೇ. ಆ ಮೆಷಿನ್ನಿಗೆ ಹಾಕಿ."

"ಬೇಕಾಗಿಲ್ಲ ವಾಣಿ."

"ಹಂಗಾದ್ರೆ ಆಂಟಿಬಯಾಟಿಕ್ ಬರ್ಕೊಡಿ."

"ಇದಕ್ಕೆ ಅದು ಕೆಲಸ ಮಾಡಲ್ಲಮ್ಮ."

ವಾಣಿಯ ದನಿ ಹೊರಗೆ ಕೂತವರಿಗೂ ಕೇಳುವಷ್ಟು ಏರಿತು. "ಆವತ್ತು ಬೇರೆ ಔಷಧಿ ಇಲ್ಲ ಅಂದ್ರಿ. ಇವತ್ತು ಇದೆ, ಕೊಡಲ್ಲ ಅಂತೀರಾ?"

ಚೂಡಾಮಣಿ ಕುರ್ಚಿ ಹತ್ತಿರ ಎಳೆದುಕೊಂಡರು. "ಬೇಡದೇ ಇದ್ದಾಗ್ಲೂ ಎಲ್ಲಾರೂ ಕೊಟ್ಟು ಕೊಟ್ಟೇ ಕ್ರಿಮಿಗಳು ಅದಕ್ಕೆ ಪಳಗಿ, ಆವತ್ತು ನಿಮ್ ಮಗಳಿಗೆ ಬೇಕಾದಾಗ ಯಾವ್ದೂ ನಾಟ್ದಂಗಾಗಿತ್ತು, ವಾಣಿ."

ವಾಣಿಗೆ ಅರ್ಥವಾಗಲಿಲ್ಲವೆಂದಲ್ಲ. ಚೆನ್ನಾಗಿಯೇ ಅರ್ಥವಾಯಿತು. ಮಗನಿಗೆ ಟೋಪಿ ಹಾಕಿ, ಸೆರಗಿನಲ್ಲಿ ಮುಚ್ಚಿಕೊಂಡು ಹೊರಟಳು. ದಾರಿಯಲ್ಲಿ ಒಂದು ಮೆಡಿಕಲ್ ಶಾಪಿನ ಮುಂದೆ ಆಟೋ ನಿಲ್ಲಿಸಿದಳು. ಅಂಗಡಿಯವರು ಡಾಕ್ಟರ ಚೀಟಿ ಕೇಳಲಿಲ್ಲ. "ಮಗೂಗಾ? ಎಷ್ಟು ವಯಸ್ಸು?" ಎಂದಷ್ಟೇ ಕೇಳಿ ಆಂಟಿಬಯಾಟಿಕ್ ಸಿರಪ್ಪಿನ ಬಾಟಲಿ ಕೊಟ್ಟರು.

ಅಡಿಗೆಮನೆಯಲ್ಲಿ ನೀರು ಕಾಯಿಸಿ, ಆರಿಸಿ, ಬಾಟಲಿಯಲ್ಲಿದ್ದ ಸಿರಪ್ಪಿನ ಪುಡಿಗೆ ಬೆರೆಸಿ ಕಲಸಿದಳು. ಡಾಕ್ಟರು ಹೇಳಿದ್ದು ಕಿವಿಯಲ್ಲೇ ಇತ್ತು. ಎಲ್ಲೋ ಯಾವುದೋ ಗಾಜಿನ ಪೆಟ್ಟಿಗೆಯಲ್ಲಿ, ಯಾರೋ ತಾಯಿಯ ಹೆಸರಿನ ಚೀಟಿ ಕಟ್ಟಿಕೊಂಡು ಮಲಗಿರುವ ಮಗುವೂ ಕಣ್ಣ ಮುಂದೆ ಬಂತು. ಕೈ ಒಂದು ಕ್ಷಣ ನಿಂತಿತು. ಆಮೇಲೆ ವಂಶಿಯ ಗಲ್ಲ ಹಿಡಿದು ಬಾಯಿಗೆ ಸುರಿದಳು. ಸಿಹಿಯಾಗಿತ್ತೇನೋ, ಅವನು ಚಪ್ಪರಿಸಿದ.

ಎರಡು ದಿನಕ್ಕೆ ಜ್ವರ ಬಿಟ್ಟಿತು. ಮುನಿಲಕ್ಷ್ಮಮ್ಮ ಮೊಮ್ಮಗನ ಹಣೆ ಮುಟ್ಟಿ, "ಔಷ್ದಿ ತಂದು ಹಾಕಿದ್ದೇ ಒಳ್ಳೇದಾಯ್ತು ಕಣವ್ವ," ಎಂದರು. ಜ್ವರ ತಾನಾಗಿಯೇ ಬಿಡುತ್ತಿತ್ತೆಂದು ವಾಣಿಗೆ ಗೊತ್ತಿತ್ತು. ಇನ್ನೊಮ್ಮೆ ಅವನ ಮೈ ಬಿಸಿಯಾದರೆ ಮತ್ತೆ ಅದನ್ನೇ ತಂದು ಹಾಕುತ್ತೇನೆಂಬುದೂ ಗೊತ್ತಿತ್ತು. ಹೊಲಿಗೆ ಮೆಷಿನ್ನಿನ ಮುಂದೆ ಹೋಗಿ ಕೂತು, ಯಾರದೋ ಮದುವೆಯ ಬ್ಲೌಸಿಗೆ ತೋಳು ಜೋಡಿಸತೊಡಗಿದಳು.