ಅಜ್ಜಿ ಪಳಗಿಸಿದ ಸೀಲ್

ಇಸವಿ ಎರಡು ಸಾವಿರಕ್ಕೆ ಕಂಪ್ಯೂಟರೆಲ್ಲ ಕೈಕೊಡುತ್ತವೆಂಬ ವೈಟೂಕೆ ಹೆಸರಿನಲ್ಲಿ ಅಪ್ಪಂದಿರೆಲ್ಲ ಶನಿವಾರವೂ ಆಫೀಸಿಗೆ ಓಡುತ್ತಿದ್ದ ಕಾಲ ನಿಮಗೂ ನೆನಪಿರಬಹುದು. ಅಮೆರಿಕದ ಪಿಸ್ಕಾಟವೇಯ ನಮ್ಮ ಅಪಾರ್ಟ್‌ಮೆಂಟಿನ ತುಂಬ ಆಗ ಒಗ್ಗರಣೆ ವಾಸನೆ, ಗ್ರೀನ್ ಕಾರ್ಡಿನ ಮಾತು. ನಾನು ನಾಲ್ಕನೇ ಗ್ರೇಡು, ಎಲ್ಲದಕ್ಕೂ ಹೆದರುವ ಪುಕ್ಕಲಿ.

ಆ ಚಳಿಗಾಲ ಕೆನಡಾದ ಉತ್ತರ ತುದಿಯಿಂದ ಇನುಯಿಟ್ ಜನಾಂಗದ ಶಿಲ್ಪಿಯೊಬ್ಬರು ನಮ್ಮ ಕ್ಲಾಸಿಗೆ ಬಂದರು. ನಡುವಯಸ್ಸಿನ ಹೆಂಗಸು. ಕಲ್ಲಿನ ಕರಡಿ, ಹಕ್ಕಿ, ಬೇಟೆಗಾರರನ್ನು ಮೇಜಿನ ಮೇಲೆ ಜೋಡಿಸಿದರು. "ಅಜ್ಜಿಯರು ಹೇಳಿದ್ದನ್ನು ಮರೆಯಬಾರದು ಅಂತ ನಾವು ಕಲ್ಲಿನಲ್ಲಿ ಇಟ್ಟಿದ್ದೇವೆ," ಎಂದರು. ಒಬ್ಬೊಬ್ಬರು ಒಂದೊಂದನ್ನು ಮನೆಗೆ ಒಯ್ದು, ಅದರ ಬಗ್ಗೆ ಬರೆದು, ಶುಕ್ರವಾರ ಹಿಂದಿರುಗಿಸಬೇಕು. ನನ್ನ ಪಾಲಿಗೆ ಅಂಗೈಯಗಲದ ಸೀಲ್ ಬಂತು, ಹಿಮಗಡಲಿನ ಆ ನುಣುಪು ಮೈಯ ಪ್ರಾಣಿ. ಅದನ್ನು ಕೆತ್ತುವಾಗ ಅವರಜ್ಜಿ ಪಕ್ಕದಲ್ಲೇ ಕೂತು ಬೇಟೆಯ ಕತೆ ಹೇಳಿದ್ದರಂತೆ. ಸ್ಕೂಲ್ ಬಸ್ಸಿನಲ್ಲಿ ಅದನ್ನು ಮಫ್ಲರಿನಲ್ಲಿ ಸುತ್ತಿ ಎದೆಗವಚಿಕೊಂಡು ಕೂತೆ.

ಗುರುವಾರ ಸ್ಕೂಲಿಂದ ಬಂದರೆ ಬೂದು ಬಣ್ಣದ ಸೀಲ್ ಅಡುಗೆಮನೆಯಲ್ಲಿ ಕಪ್ಪಗೆ ಮಿಂಚುತ್ತಿತ್ತು. ಅಂಚಿನಲ್ಲೆಲ್ಲ ಅರಿಶಿನ. ಮೈಸೂರಿನಿಂದ ಆರು ತಿಂಗಳಿಗೆ ಬಂದಿದ್ದ ಅಜ್ಜಿ, ಅಪ್ಪನ ತಾಯಿ, ಕೈ ಒರೆಸಿಕೊಳ್ಳುತ್ತಿದ್ದಳು.

"ಬಳಪದ ಕಲ್ಲು ಕಣೇ ಇದು! ಸಾರು ಮಾಡೋ ನಮ್ಮ ಕಲ್ಚಟ್ಟಿದೇ ಕಲ್ಲು. ಒಣಗಿ ಬಿಳುಚ್ಕೊಂಡಿತ್ತು. ಹೀಗೇ ಬಿಟ್ರೆ ಸೀಳು ಬಿಡುತ್ತೆ ಅಂತ ಹರಳೆಣ್ಣೆ, ಅರಿಶಿನ ಹಚ್ಚಿ ಪಳಗಿಸ್ದೆ."

"ಅಜ್ಜೀ! ವಾಟ್ ಡಿಡ್ ಯು ಡೂ!" ನಾನು ಸೀಲನ್ನು ಕಸಿದುಕೊಂಡೆ.

"ಅಯ್ಯೋ ಅತ್ತೆ, ಒಂದು ಮಾತು ಕೇಳ್ಬಾರ್ದಿತ್ತಾ?" ಅಮ್ಮನ ಮುಖ ಬಿಳಿಚಿಕೊಂಡಿತು. "ಗ್ರೀನ್ ಕಾರ್ಡ್ ಪೆಂಡಿಂಗ್ ಇದೆ. ಸ್ಕೂಲ್ನೋರು ಕಂಪ್ಲೇಂಟ್ ಮಾಡಿದ್ರೆ?"

ನಮ್ಮನ್ನೆಲ್ಲ ದೇಶದಿಂದಲೇ ಓಡಿಸುತ್ತಾರೆಂದು ನನಗೆ ಖಾತ್ರಿಯಾಯಿತು. ಪಾತ್ರೆ ಸೋಪು ಹಾಕಿ ಉಜ್ಜಿದೆ, ಬಿಸಿನೀರಲ್ಲಿ ಅದ್ದಿದೆ. ಹಾಳು ಹಳದಿ ಜಪ್ಪಯ್ಯ ಅಂದರೂ ಹೋಗಲಿಲ್ಲ. ಅಜ್ಜಿ ಮೂಲೆಯ ಕುರ್ಚಿಯಲ್ಲಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದಳು.

ಮರುದಿನ ಆ ಶಿಲ್ಪಿ ಸೀಲನ್ನು ಮೂಗಿನ ಹತ್ತಿರ ಹಿಡಿದರು.

"ಎಣ್ಣೆ ಚೆಲ್ಲಿತು. ಸಾರಿ," ಎಂದೆ.

ಅವರು ಹೆಬ್ಬೆರಳಿನಿಂದ ಅದರ ಬೆನ್ನು ಸವರಿದರು. "ಚೆಲ್ಲಿದ್ದಲ್ಲ. ಕಲ್ಲಿನ ಗುಣ ಗೊತ್ತಿರುವ ಕೈ ಉಜ್ಜಿದೆ. ನಾವೂ ಎಣ್ಣೆ ಹಚ್ಚುತ್ತೇವೆ. ಯಾರವರು? ನಾನು ಅವರ ಹತ್ತಿರ ಮಾತಾಡಬೇಕು."

ಕ್ಲಾಸೆಲ್ಲ ನನ್ನನ್ನೇ ನೋಡುತ್ತಿತ್ತು. ಸೀರೆಯ ಮೇಲೆ ಅಪ್ಪನ ಕೋಟು ತೊಟ್ಟ ಅಜ್ಜಿ ಈ ಕೋಣೆಗೆ ಬಂದರೆ ಎಲ್ಲರೂ ನಗುತ್ತಾರಲ್ಲ ಎಂದು ನಾಚಿಕೆಯಾಯಿತು. "ಯಾರೂ ಇಲ್ಲ," ಎಂದೆ.

ಸಂಜೆ ಬಸ್ ಸ್ಟಾಪಿಗೇ ಅಜ್ಜಿ ಬಂದು ನಿಂತಿದ್ದಳು. "ಬೈದ್ರಾ ಮಗೂ? ಏನಂದ್ರು?"

"ನಥಿಂಗ್," ಅಂದು ಮುಂದೆ ಮುಂದೆ ನಡೆದೆ.

ಈಗ ಮ್ಯೂಸಿಯಮ್ಮಿನಲ್ಲಿ ಅಂಥ ಸೀಲ್ ಕಂಡರೆ ನನ್ನ ಮಗಳು ನೂರು ಪ್ರಶ್ನೆ ಕೇಳುತ್ತಾಳೆ. ಎಣ್ಣೆ ಎಷ್ಟು, ಎಷ್ಟು ದಿನ ಇಡಬೇಕು, ನನಗೊಂದೂ ಗೊತ್ತಿಲ್ಲ. ಅಜ್ಜಿಯನ್ನು ಕೇಳಲೇ ಇಲ್ಲ. ಆಮೇಲೆ ಎಷ್ಟೋ ವರ್ಷ ಫೋನಿನಲ್ಲಿ ಅವಳೇ ಅಳುಕುತ್ತ ಕೇಳುತ್ತಿದ್ದಳು, "ಆ ಕಲ್ಲು ಸರಿಹೋಯ್ತೇನೇ?" 'ಯಾರೂ ಇಲ್ಲ' ಎಂದದ್ದನ್ನೂ ಹೇಳಬೇಕಾಗುತ್ತದಲ್ಲ ಎಂದು ನಾನು ಮಾತು ಬದಲಿಸುತ್ತಿದ್ದೆ. ಸಾಯುವವರೆಗೂ ಅಜ್ಜಿ, ಯಾರದೋ ಕಲ್ಲನ್ನು ತಾನು ಕೆಡಿಸಿಬಿಟ್ಟೆನೆಂದೇ ನಂಬಿದ್ದಳು.