ಜರ್ಮನ್ ಡಬ್ಬಿಯ ಗಿಫ್ಟು

ಮೊನ್ನೆ ತಮ್ಮನ ಮಗಳ ಹುಟ್ಟುಹಬ್ಬಕ್ಕೆ ಆಟಿಕೆ ಕೊಂಡೆ. ಅಂಗಡಿಯವನು ಸುತ್ತಿಕೊಟ್ಟ ಹೊಳೆಯುವ ಕಾಗದದ ತುಂಬ ಇಂಗ್ಲಿಷಿನಲ್ಲಿ ‘ಗಿಫ್ಟ್’ ಎಂದು ಅಚ್ಚಾಗಿತ್ತು. ನೋಡುತ್ತಿದ್ದಂತೆ ನಗು ಬಂತು. ಶಿಡ್ಲಘಟ್ಟದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಚಾಚಾ ನೆನಪಾದರು...

ಮನೆಯ ಹಿಂದಿನ ಶೆಡ್ಡಿನಲ್ಲಿ ಚಾಚಾ ರೇಷ್ಮೆ ನೂಲು ತೆಗೆಸುತ್ತಿದ್ದರು. ಗೂಡು ಬೇಯಿಸುವ ವಾಸನೆ ನಮ್ಮ ಅಡುಗೆಮನೆಗೆ ಬರುತ್ತಿತ್ತು. ಅದಕ್ಕಿಂತ ಮುಂಚೆ ಅವರ ನಗು ಬರುತ್ತಿತ್ತು. ಅವರ ಮಗಳನ್ನು ನಾನು ಆಪಾ ಎನ್ನುತ್ತಿದ್ದೆ. ನರ್ಸಿಂಗ್ ಮುಗಿಸಿದ್ದ ಆಪಾ, ಜರ್ಮನಿಯ ಆಸ್ಪತ್ರೆ ಸೇರಬೇಕೆಂದು ಮೊಬೈಲಿನಲ್ಲಿ ಆ ಭಾಷೆ ಕಲಿಯುತ್ತಿದ್ದಳು. ಚಾಚಾಗೆ ಅದು ಒಪ್ಪಿಗೆಯಿರಲಿಲ್ಲ. ಚಿಂತಾಮಣಿಯಲ್ಲಿ ಸಂಬಂಧ ನೋಡಿಟ್ಟಿದ್ದರು.

ಒಂದು ಮಧ್ಯಾಹ್ನ ಶೆಡ್ಡಿಗೆ ಗುಜರಿಯಿಂದ ಹಳೆಯ ಜರ್ಮನ್ ಮೋಟಾರು ಬಂತು. ಅದರ ಮರದ ಪೆಟ್ಟಿಗೆಯಲ್ಲಿ ಮುಚ್ಚಳ ಬಿಗಿದ ತಗಡಿನ ಡಬ್ಬಿಯೊಂದಿತ್ತು. ಮೇಲಿನ ಬರಹವನ್ನೆಲ್ಲ ತುಕ್ಕು ತಿಂದು, ‘ಗಿಫ್ಟ್’ ಎಂಬುದೊಂದೇ ಉಳಿದಿತ್ತು.

“ಅರೆ, ಕಂಪನಿಯೋರು ಗಿಫ್ಟ್ ಇಟ್ಟವ್ರೆ! ಚಾಕ್ಲೇಟೇ ಇರ್ಬೇಕು, ಬಾಮ್ಮ” ಎಂದು ಚಾಚಾ ನನ್ನನ್ನು ಕರೆದು, ಸ್ಕ್ರೂಡ್ರೈವರಿನಿಂದ ಮುಚ್ಚಳ ಮೀಟತೊಡಗಿದರು.

“ಅಬ್ಬಾ, ನಕ್ಕೋ! ಬೇಡ!” ಆಪಾ ಓಡಿಬಂದು ಅಪ್ಪನ ಕೈಯಿಂದ ಡಬ್ಬಿ ಕಿತ್ತುಕೊಂಡಳು. “ಜರ್ಮನ್‌ನಲ್ಲಿ ಗಿಫ್ಟ್ ಅಂದ್ರೆ ವಿಷ!”

ಚಾಚಾ ಸೋಪು ಸವೆಯುವಷ್ಟು ಕೈ ತೊಳೆದರು. ಆಮೇಲೆ ಕುತೂಹಲ ಶುರುವಾಯಿತು. “ಇಂಗ್ಲಿಷ್‌ನೋರ್ಗೆ ಉಡುಗೊರೆ, ಅವ್ರಿಗೆ ವಿಷ ಹೆಂಗಾಯ್ತಮ್ಮ?”

ನಾನಿದ್ದೆನೆಂದು ಆಪಾ ಕನ್ನಡದಲ್ಲೇ ಹೇಳಿದಳು. “ಎರಡೂ ‘ಕೊಡೋದು’ ಅನ್ನೋ ಮಾತಿಂದಾನೇ ಬಂದಿರೋದು. ಕೊಟ್ಟಿದ್ದು ಉಡುಗೊರೆ ಆಯ್ತು. ಜರ್ಮನಿಯಲ್ಲಿ ಕೊಟ್ಟ ಔಷಧಿ ಆಗಿ, ಕೊನೆಗೆ ವಿಷ ಆಯ್ತು. ನಾವೂ ಮದ್ದು ಹಾಕಿದ್ರು ಅಂತ ಹೆದರ್ಕೊಳ್ಳಲ್ವಾ, ಹಂಗೆ. ಸ್ವೀಡನ್‌ನಲ್ಲಂತೂ ಅದೇ ಅಕ್ಷರ ಬರೆದ್ರೆ ವಿಷಾನೂ ಹೌದು, ಮದುವೆಯಾದೋರು ಅಂತಾನೂ ಹೌದು.”

ಚಾಚಾ ಹೆಂಡತಿಯ ಕಡೆ ತಿರುಗಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ನಗ್ರೀ ನಗ್ರೀ. ಇಷ್ಟು ವರ್ಷದಿಂದ ಕುಡೀತಾ ಇರೋಳು ನಾನು” ಎಂದರು ಚಾಚಿ.

“ಮದುವೆಗೂ ಅದೇ ಮಾತು ಯಾಕಮ್ಮ?”

“ಹೆಣ್ಣು ಕೊಡ್ತೀವಿ ಅಂತೀವಲ್ಲ ಅಬ್ಬಾ... ಅವ್ರೂ ಹಂಗೇ.”

ಚಾಚಾ ನಗು ನಿಲ್ಲಿಸಿದರು. ಮಗಳ ಕಡೆ ತಿರುಗಿದರು...

ಕೆಲವು ದಿನಗಳ ನಂತರ ನಮ್ಮ ಮನೆಗೆ ಬಂದು ತಂದೆಗೆ ಹೇಳಿದರು: “ಚಿಂತಾಮಣಿಯೋರ್ಗೆ ಬೇಡ ಅಂದ್ಬಿಟ್ಟೆ ಸ್ವಾಮಿ. ನಾನು ಮಗಳನ್ನ ಯಾರ್ಗೂ ಕೊಡ್ತಾ ಇಲ್ಲ, ಕೆಲಸಕ್ಕೆ ಕಳಿಸ್ತಾ ಇದೀನಿ.”

ಆಪಾ ಹೋದಳು. ಚಾಚಾ ಮಾತ್ರ ಆ ಪದವನ್ನು ಬಿಡಲಿಲ್ಲ. ಯಾರ ಮದುವೆಗೆ ಹೋದರೂ ಉಡುಗೊರೆ ಕೊಡುತ್ತ, “ತಗೊಳಪ್ಪ, ಜರ್ಮನ್ ವಿಷ” ಎಂದು ಮದುಮಗನ ಕಿವಿಯಲ್ಲಿ ಉಸುರುತ್ತಿದ್ದರು. ನನ್ನ ಗಂಡ ಆ ಮಾತಿಗೆ ಬೆಚ್ಚಿಬಿದ್ದದ್ದು ಫೋಟೋದಲ್ಲಿ ಇನ್ನೂ ಇದೆ.

ಚಾಚಾ ಈಗಿಲ್ಲ. ಶೆಡ್ಡು ಬೇರೆಯವರ ಕೈಗೆ ಹೋಗಿದೆ. ಈ ಸಲದ ಈದ್‌ಗೆ ಶುಭಾಶಯ ಹೇಳಲು ಫೋನು ಮಾಡಿದಾಗ ಆಪಾ ಅಂದಳು: “ಇಲ್ಲಿ ಎಲ್ಲಾ ಇದೆ ಕಣೇ. ಅಬ್ಬಾ ಥರ ನಗೋರು ಮಾತ್ರ ಇಲ್ಲ.”

“ಇಲ್ಲೂ ಇಲ್ಲ ಆಪಾ” ಎಂದೆ.